ಡಾಡ್ಜ್ ಪಿಕಪ್: ಫ್ಲೋರ್ ಕೊಯ್ದ ಮೇಲೆ ಬಾಗಿಲು ಕೂರ್ತಿಲ್ಲ

ಪ್ರಶ್ನೆ (ಮಂಡ್ಯ):
ಹಾಟ್ ರಾಡ್ (ಬಾಡಿ, ಎಂಜಿನ್ ಬದಲಿಸಿ ಜೋರಾಗಿ ಓಡೋ ಹಾಗೆ ಮಾಡಿದ ಹಳೇ ಗಾಡಿ) ಮಾಡೋಕೆ ಹಳೇ ಡಾಡ್ಜ್ ಪಿಕಪ್ ತಗೊಂಡಿದ್ದೀನಿ. ಕ್ಯಾಬಿನ್ ಫ್ಲೋರು, ಬಾಗಿಲ ಕೆಳಗಿನ ಪಟ್ಟಿ ಎರಡೂ ತುಕ್ಕು ತಿಂದು ಜರಡಿಯಾಗಿದ್ದವು, ಕೊಯ್ದು ತೆಗೆದಾಯ್ತು. ಈಗ ಡ್ರೈವರ್ ಬಾಗಿಲ ಹಿಂದಿನ ಸಂದು ಮೇಲೆ 4 ಮಿ.ಮೀ., ಕೆಳಗೆ 12. ಲಾಕ್ ಬೀಳ್ತಿಲ್ಲ. ಹೊಸ ಶೀಟ್ ವೆಲ್ಡ್ ಮಾಡಿದರೆ ಸರಿಹೋಗುತ್ತಾ ಸಾರ್?

ಉತ್ತರ (ಮೈಸೂರು):
ಈಗಲೇ ಮಾಡಬೇಡಿ ಸಾರ್, ಸೊಟ್ಟ ಹಾಗೇ ಖಾಯಂ ಆಗುತ್ತೆ. ಮೊದಲು ಬಾಗಿಲ ಹಿಂತುದಿ ಹಿಡಿದು ಮೇಲಕ್ಕೆತ್ತಿ ನೋಡಿ. ಲಟಲಟ ಆಡಿದರೆ ಹಿಂಜ್ ಪಿನ್ ಸವೆದಿದೆ. ಆಗ ಮುಂದಿನ ಸಂದೂ ಮೇಲ್ಗಡೆ ಅಗಲವಾಗಿರುತ್ತೆ. ಪಿನ್, ಬುಷ್ ಹಾಕಿ ಮತ್ತೆ ಅಳೀರಿ. ಮುಂದಿನ ಸಂದು ಒಂದೇ ಸಮ ಇದ್ದರೆ ಬಾಗಿಲ ಹಿಂದೆ ಮುಂದೆ ಇರೋ ಕಂಬಗಳೇ ಬುಡದಲ್ಲಿ ಅಗಲಿವೆ. ಮೇಲೆ ರೂಫ್ ಹಿಡಿದಿದೆ, ಕೆಳಗೆ ಹಿಡಿದಿದ್ದ ಪಟ್ಟಿ ಈಗ ಇಲ್ಲವಲ್ಲ.

ಕ್ಯಾಬಿನ್ ಚಾಸಿ ಮೇಲೇ ಇರಲಿ. ಕ್ಯಾಬಿನ್ ಕೂರೋ ಮೌಂಟ್ ರಬ್ಬರ್ ಹೊಸದು ಹಾಕಿ, ಬೋಲ್ಟ್ ಕೈಯಲ್ಲಿ ಬಿಗಿದರೆ ಸಾಕು. ಎರಡೂ ಕಂಬದ ಬುಡಕ್ಕೆ ಟರ್ನ್‌ಬಕಲ್ (ತಿರುಗಿಸಿದರೆ ಎರಡು ಕಡೆಯನ್ನೂ ಹತ್ತಿರ ಎಳೆಯೋ ಸ್ಕ್ರೂ) ಕಟ್ಟಿ ಸ್ವಲ್ಪ ಸ್ವಲ್ಪವೇ ಎಳೀರಿ, ಪ್ರತಿ ಸಲ ಬಾಗಿಲು ಹಾಕಿ ನೋಡಿ. ಸಂದು ಮೇಲೂ ಕೆಳಗೂ 4-5 ಮಿ.ಮೀ. ಬಂದಮೇಲೆ ಎರಡು ಕಂಬಗಳ ನಡುವೆ ಒಂದಿಂಚು ಚೌಕ ಪೈಪನ್ನು ಬಾಗಿಲಿಗೆ ಅಡ್ಡ ಬರದ ಹಾಗೆ ಒಳಗಡೆಯಿಂದ ವೆಲ್ಡ್ ಮಾಡಿ. ಅಸಲಿಗೆ ಈ ಪೈಪನ್ನು ಫ್ಲೋರ್ ಕೊಯ್ಯೋಕೆ ಮುಂಚೆಯೇ ಹಾಕಬೇಕಿತ್ತು. ಇನ್ನೊಂದು ಕಡೆ ಏನಾದರೂ ಕೊಯ್ಯೋದು ಬಾಕಿಯಿದ್ದರೆ ಅಲ್ಲಿಗೂ ಮೊದಲು ಹಾಕಿಬಿಡಿ.

ಶೀಟು 18 ಗೇಜ್, ಅಂದರೆ 1.2 ಮಿ.ಮೀ. ಆರ್ಕ್ ವೆಲ್ಡಿಂಗಲ್ಲಿ ಇದು ತೂತು ಬೀಳುತ್ತೆ, ಮಿಗ್‌ನಲ್ಲೇ ಮಾಡಿಸಿ (ವೈರು ತಾನಾಗಿ ಬರೋ ವೆಲ್ಡಿಂಗ್), 0.8 ಮಿ.ಮೀ. ವೈರು. 25 ಮಿ.ಮೀ.ಗೊಂದು ಟ್ಯಾಕ್ (ಚುಕ್ಕಿ ವೆಲ್ಡ್), ಒಂದು ಈ ತುದಿ, ಇನ್ನೊಂದು ಆ ತುದಿ. ತಾನಾಗಿ ಆರಲಿ, ಒದ್ದೆ ಬಟ್ಟೆ ಇಡಬೇಡಿ. ಸೀಟ್ ಹಿಂದೆ ಪೆಟ್ರೋಲ್ ಟ್ಯಾಂಕ್ ಇದ್ದರೆ ಮೊದಲೇ ಇಳಿಸಿ. ಪಟ್ಟಿಯ ಅಡಿಯಲ್ಲಿ ನೀರು ಹೋಗೋ ತೂತು ಬಿಡೋದು ಮರೀಬೇಡಿ; ಅದು ಮಣ್ಣು ಕಟ್ಟಿಕೊಂಡರೆ ತುಕ್ಕು ಒಳಗಿಂದಲೇ ಶುರು.

ಪ್ರಶ್ನೆ (ಮಂಡ್ಯ):
ಪಿನ್ನೇ ಸವೆದಿತ್ತು ಅಂದ್ಕೊಂಡಿದ್ದೆ, ಅಲ್ಲ, ಕಂಬಗಳೇ. ಬ್ರಾಕೆಟ್ಟು, ಹಿಂಜ್ ತುಕ್ಕಿಗೆ ಆ್ಯಸಿಡ್ ಹಾಕಲಾ?

ಉತ್ತರ (ಮದ್ದೂರು):
ಬೇಡ ಅಣ್ಣ. ಆ್ಯಸಿಡ್ ಜೋಡಣೆ ಸಂದಿಗೆ ಇಳಿದರೆ ತೊಳೆದರೂ ಪೂರ್ತಿ ಹೋಗಲ್ಲ, ಪೇಂಟ್ ಕೆಳಗೆ ತುಕ್ಕು ಮತ್ತೆ ಏಳುತ್ತೆ. ಕಬ್ಬಿನ ಊರಲ್ಲಿದ್ದೀರಿ, ಕಾಕಂಬಿ (ಸಕ್ಕರೆ ಮಾಡುವಾಗ ಉಳಿಯೋ ಮೊಲಾಸಸ್) ಬಳಸಿ: ಒಂದು ಪಾಲು ಕಾಕಂಬಿ, ಒಂಬತ್ತು ಪಾಲು ನೀರು, ಪ್ಲಾಸ್ಟಿಕ್ ಡ್ರಮ್, ಒಂದೆರಡು ವಾರ. ವಾಸನೆ ಜೋರು, ಮನೆಯಿಂದ ದೂರ ಇಡಿ. ಅಲ್ಯೂಮಿನಿಯಂ, ಕಾರ್ಬ್ಯುರೇಟರ್ ಹಾಕಲೇಬೇಡಿ, ತಿಂದುಬಿಡುತ್ತೆ. ತೆಗೆದ ದಿನವೇ ತೊಳೆದು ಒಣಗಿಸಿ ಪ್ರೈಮರ್ ಹೊಡೀರಿ.

ಉತ್ತರ (ಮೈಸೂರು):
ಇನ್ನೊಂದು ವಿಷಯ. 2021ರ ವಿಂಟೇಜ್ ನೋಂದಣಿ 50 ವರ್ಷ ದಾಟಿ ಮೂಲ ರೂಪದಲ್ಲೇ ಇರೋ ಗಾಡಿಗೆ ಮಾತ್ರ. ಚಾಸಿ, ಬಾಡಿ ಕತ್ತರಿಸಿದ ಹಾಟ್ ರಾಡ್‌ಗೆ ಅದು ಸಿಗಲ್ಲ. ಎಂಜಿನ್ ಬದಲಿಸೋಕೆ ಮುಂಚೆ ಆರ್‌ಟಿಒದಲ್ಲಿ ವಿಚಾರಿಸಿ, ಚಾಸಿ ನಂಬರ್ ಇರೋ ಜಾಗಕ್ಕೆ ಗ್ರೈಂಡರ್ ತಾಗಿಸಬೇಡಿ.