ಎಲ್‌ಇಪಿ ಟಾರ್ಚ್ ಬೆಳಕು ಅಷ್ಟು ದೂರ ಹೋಗುವುದು ಹೇಗೆ?

ಪ್ರಶ್ನೆ: ನನ್ನ ಎಲ್‌ಇಡಿ ಟಾರ್ಚ್ 3000 ಲುಮೆನ್ (ಒಟ್ಟು ಬೆಳಕಿನ ಅಳತೆ), ಗೆಳೆಯನ ಎಲ್‌ಇಪಿ (ಲೇಸರ್ ಎಕ್ಸೈಟೆಡ್ ಫಾಸ್ಫರ್) ಟಾರ್ಚ್ ಬರೀ 400. ಆದರೂ ಅದರ ಬೆಳಕು ಕೋಲಿನ ಹಾಗೆ ನೆಟ್ಟಗೆ ಹೋಗಿ ಎಲ್ಲೋ ದೂರದ ಮರಕ್ಕೆ ಬೀಳುತ್ತದೆ. ಒಳಗೆ ಲೇಸರ್ ಇದೆಯಂತೆ. ಹೊರಗೆ ಬರುವುದೂ ಲೇಸರ್ ಅಲ್ವಾ?

ಉತ್ತರ 1: ಅಲ್ಲ. ಒಳಗಿನ ನೀಲಿ ಲೇಸರ್, ಸುಮಾರು 450 ನ್ಯಾನೋಮೀಟರ್‌ನದು, ಫಾಸ್ಫರ್ (ಬೆಳಕು ಬಿದ್ದರೆ ತಾನೂ ಬೇರೆ ಬಣ್ಣದಲ್ಲಿ ಹೊಳೆಯುವ ವಸ್ತು) ಮೇಲೆ ಒಂದು ಪುಟ್ಟ ಚುಕ್ಕೆಯಾಗಿ ಬೀಳುತ್ತದೆ, ಫಾಸ್ಫರ್ ಅದನ್ನು ಹೀರಿಕೊಂಡು ಹಳದಿ ಬೆಳಕು ಕೊಡುತ್ತದೆ, ಉಳಿದ ನೀಲಿ ಅದರ ಜೊತೆ ಸೇರಿ ಬಿಳಿಯಾಗಿ ಕಾಣುತ್ತದೆ. ಗುಟ್ಟು ಇರುವುದು ಆ ಚುಕ್ಕೆಯ ಗಾತ್ರದಲ್ಲಿ. ಬೆಳಕು ಹುಟ್ಟುವ ಜಾಗ ಚಿಕ್ಕದಾದಷ್ಟೂ ಲೆನ್ಸ್ ದಾಟಿದ ಮೇಲೆ ಹರಡುವುದು ಕಡಿಮೆ. ಫೋಕಲ್ ದೂರ (ಲೆನ್ಸ್‌ನಿಂದ ಚುಕ್ಕೆಗೆ ಇರುವ ದೂರ) 50 ಮಿ.ಮೀ., ಚುಕ್ಕೆ 0.5 ಮಿ.ಮೀ. ಅಂದುಕೊಳ್ಳಿ, 100 ಮೀಟರ್ ಆಚೆ ಬೆಳಕಿನ ಅಗಲ ಸುಮಾರು 1 ಮೀಟರ್. ಅದೇ ಲೆನ್ಸ್‌ಗೆ 2 ಮಿ.ಮೀ. ಎಲ್‌ಇಡಿ ಇಟ್ಟರೆ 4 ಮೀಟರ್, ಅಂದರೆ 16 ಪಟ್ಟು ಜಾಗ!

ಉತ್ತರ 2: ದೂರಕ್ಕೆ ಲುಮೆನ್ ನೋಡಬೇಡಿ, ಕ್ಯಾಂಡೆಲಾ ನೋಡಿ, ಅಂದರೆ ಒಂದು ದಿಕ್ಕಿಗೆ ಬೆಳಕು ಎಷ್ಟು ತೀವ್ರವಾಗಿ ಹೋಗುತ್ತದೆ ಎಂಬ ಅಳತೆ. ಕ್ಯಾಂಡೆಲಾದ ವರ್ಗಮೂಲದ ಎರಡರಷ್ಟು ಮೀಟರ್ ಬೆಳಕು ಹೋಗುತ್ತದೆ ಎಂಬುದು ಲೆಕ್ಕ. 10 ಲಕ್ಷ ಕ್ಯಾಂಡೆಲಾಗೆ 2000 ಮೀಟರ್. ಆದರೆ ಆ ತುದಿಯಲ್ಲಿ ಸಿಗುವುದು 0.25 ಲಕ್ಸ್ (ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ), ಹೆಚ್ಚುಕಡಿಮೆ ಹುಣ್ಣಿಮೆ ಬೆಳದಿಂಗಳಷ್ಟೇ.

ಪ್ರಶ್ನೆ ಕೇಳಿದವರು: ಈಗ ಅರ್ಥವಾಯಿತು. ಕತ್ತಲಲ್ಲಿ ನಡೆಯಲು ಇದು ಸಾಕಾ?

ಉತ್ತರ 2: ಅದಕ್ಕೆ ನಿಮ್ಮ ಎಲ್‌ಇಡಿನೇ ಒಳ್ಳೆಯದು. ಎಲ್‌ಇಪಿಯಲ್ಲಿ ಅಕ್ಕಪಕ್ಕ ಏನೂ ಕಾಣುವುದಿಲ್ಲ. ಯಾರ ಕಣ್ಣಿಗೂ ಮಾತ್ರ ಬಿಡಬೇಡಿ.