ವಾಲ್ ಮಿಕ್ಸರ್: ಲೆಗ್ ಹತ್ರ ಒಸರು, ಬಿಸಿನೀರು ಮಾತ್ರ ಸಣ್ಣಗೆ

ಪ್ರಶ್ನೆ (ಮೈಸೂರು ಮನೆ):
ಮೊದಲ ಮಹಡಿಯ ಬಚ್ಚಲು, ಸಿಪಿವಿಸಿ (ಬಿಸಿನೀರಿಗೂ ಆಗೋ ಪ್ಲಾಸ್ಟಿಕ್) ಪೈಪು. ಟ್ಯಾಂಕಿನ ತಳ ನಲ್ಲಿಗಿಂತ ಸುಮಾರು 3 ಮೀಟರ್ ಮೇಲಿದೆ. ಹೊಸ ವಾಲ್ ಮಿಕ್ಸರ್ (ಬಿಸಿನೀರು, ತಣ್ಣೀರು ಬೆರೆಸೋ ಗೋಡೆ ನಲ್ಲಿ) ಕೂರಿಸಿದ ಮೇಲೆ ಎಡಗಡೆ ಫ್ಲೇಂಜ್ (ಗೋಡೆಯ ತೂತು ಮುಚ್ಚೋ ಬಿಲ್ಲೆ) ಹಿಂದಿನಿಂದ ನೀರು ಒಸರ್ತಿದೆ. ಸುತ್ತ ಬಿಳಿ ಸಿಮೆಂಟ್ ತುಂಬಿದ್ರೆ ನಿಲ್ಲುತ್ತೆ ಅಂತಾರೆ ಪ್ಲಂಬರ್. ತಣ್ಣೀರು ಜೋರಾಗೇ ಬರುತ್ತೆ, ಬಿಸಿನೀರು ಮಾತ್ರ ಸಣ್ಣಗೆ. ಏನು ಮಾಡ್ಬೇಕು?

ಉತ್ತರ (ನಲ್ಲಿಕೆಲಸ):
ಬಿಳಿ ಸಿಮೆಂಟ್ ಬೇಡವೇ ಬೇಡ. ಹೊರಗೆ ಕಾಣ್ತಿರೋ ನೀರು ಗೋಡೆಯೊಳಗೆ ಇಳಿಯುತ್ತೆ, ಆಮೇಲೆ ಪಕ್ಕದ ರೂಮಿನ ಪೇಂಟ್ ಉಬ್ಬಿದಾಗಲೇ ಗೊತ್ತಾಗೋದು.

ಮೇನ್ ವಾಲ್ವ್ ಮುಚ್ಚಿ ಮಿಕ್ಸರ್ ಬಿಚ್ಚಿ, ಲೆಗ್ (ಮಿಕ್ಸರನ್ನ ಗೋಡೆಯ ಪೈಪಿಗೆ ಸೇರಿಸೋ ಗಿಡ್ಡ ತುಂಡು) ಹೊರಗೆ ತೆಗೀರಿ. ಹಳೇ ಟೇಪೆಲ್ಲ ಕೆರೆದು ತೆಗೀಬೇಕು. ಕ್ರೋಮ್ ಲೆಗ್ಗಿನ ಥ್ರೆಡ್ ನುಣುಪಾಗಿರೋದ್ರಿಂದ ಟೇಪು ಜಾರಿ ಹಿಂದಕ್ಕೆ ಸುರುಳಿ ಸುತ್ಕೊಳ್ಳುತ್ತೆ; ಹ್ಯಾಕ್ಸಾ ಬ್ಲೇಡಿನಿಂದ ಥ್ರೆಡ್ ಮೇಲೆ ಅಲ್ಲಲ್ಲಿ ಗೀರಿ. ಥ್ರೆಡ್ಡಿನ ತುದಿ ನಿಮ್ಮ ಕಡೆ ಇರೋ ಹಾಗೆ ಹಿಡ್ಕೊಂಡು, ಗಡಿಯಾರದ ಮುಳ್ಳು ತಿರುಗೋ ದಿಕ್ಕಿಗೆ ತೆಳು ಟೆಫ್ಲಾನ್ ಟೇಪನ್ನ 10ರಿಂದ 15 ಸುತ್ತು ಎಳೆದು ಸುತ್ತಿ. ಮೊದಲನೇ ಥ್ರೆಡ್ ಖಾಲಿ ಬಿಡಿ, ಇಲ್ಲದಿದ್ರೆ ಟೇಪಿನ ಚೂರು ಮಿಕ್ಸರ್ ಒಳಗೆ ಹೋಗುತ್ತೆ.

ಲೆಗ್ ತಿರುಗಿಸಿ ಎರಡರ ನಡುವೆ 150 ಮಿ.ಮೀ. ಹೊಂದಿಸುವಾಗ ಹೆಚ್ಚಿನವರು ಎಡವೋದು ಇಲ್ಲೇ. ಸ್ವಲ್ಪ ಜಾಸ್ತಿ ತಿರುಗಿತು ಅಂತ ಹಿಂದಕ್ಕೆ ತಿರುಗಿಸಬೇಡಿ. ಟೇಪಿನ ಹಿಡಿತ ಆಗಲೇ ಬಿಟ್ಟುಹೋಗಿರುತ್ತೆ. ಪೂರ್ತಿ ಬಿಚ್ಚಿ, ಹೊಸ ಟೇಪು ಸುತ್ತಿ ಮತ್ತೆ ಕೂರಿಸಿ. ಮಿಕ್ಸರ್ ನಟ್ಟಿಗೆ ಟೇಪು ಬೇಡ, ಅಲ್ಲಿ ನೀರು ತಡೆಯೋದು ರಬ್ಬರ್ ವಾಷರ್.

ಟೇಪಿನ ಬದಲು ಸುತ್ತೋ ಸಣಬು, ಪೇಂಟು ಜಿಐ (ಸತು ಲೇಪದ ಕಬ್ಬಿಣ) ಪೈಪಿನ ಕಾಲದ್ದು. ಸಿಪಿವಿಸಿಗೆ ಅವೆರಡೂ ಬೇಡ. ಗೋಡೆಯೊಳಗಿನ ಎಲ್ಬೋ (ಲೆಗ್ ಕೂರೋ ಪೈಪಿನ ತಿರುವು ತುಂಡು) ಹಿತ್ತಾಳೆ ಥ್ರೆಡ್ಡಿಂದೇ ಅಂತ ನೋಡ್ಕೊಳ್ಳಿ. ಬರೀ ಪ್ಲಾಸ್ಟಿಕ್ ಥ್ರೆಡ್ಡಿಗೆ ಲೋಹದ ಲೆಗ್ ಬಿಗಿದ್ರೆ ಸೀಳುತ್ತೆ, ಆಮೇಲೆ ಎಷ್ಟು ಟೇಪು ಸುತ್ತಿದ್ರೂ ಪ್ರಯೋಜನ ಇಲ್ಲ.

ಉತ್ತರ (ನೀರಿನ ಲೆಕ್ಕ):
ಬಿಸಿನೀರಿನ ವಿಷಯ. ತಣ್ಣೀರು ಚೆನ್ನಾಗಿ ಬರ್ತಿದೆ ಅಂದ್ಮೇಲೆ ಟ್ಯಾಂಕಿನ ಎತ್ತರದ ತಪ್ಪಲ್ಲ. ಗೀಸರ್ ಸ್ವಿಚ್ ಆಫ್ ಮಾಡಿ, ನೀರು ತಣ್ಣಗಾದ ಮೇಲೆ ಮಿಕ್ಸರ್ ಕಳಚಿ, ಬರೀ ಎಡ (ಬಿಸಿನೀರಿನ) ಲೆಗ್ಗಿನಿಂದ ಬಕೆಟ್ಟಿಗೆ ನೀರು ಬಿಡಿ. ಅಲ್ಲಿ ಜೋರಾಗಿದ್ರೆ ಮಿಕ್ಸರಿನೊಳಗೇ ಕಸ: ನಟ್ಟಿನ ಜಾಲರಿ ವಾಷರ್, ಬಿಸಿ ಕಡೆಯ ಸ್ಪಿಂಡಲ್ (ಹಿಡಿ ತಿರುಗಿಸಿದಾಗ ನೀರು ತೆರೆಯೋ ಭಾಗ) ತೊಳೀರಿ. ಹೊಸ ಲೈನಿನಲ್ಲಿ ಮರಳು, ಪೈಪ್ ಕೊಯ್ದ ಪುಡಿ ಇದ್ದೇ ಇರುತ್ತೆ.

ಲೆಗ್ಗಲ್ಲೂ ಸಣ್ಣಗಿದ್ರೆ ಗೀಸರ್ ಕಡೆ ಹೋಗಿ. ಇನ್ಲೆಟ್ ವಾಲ್ವ್ ಅರ್ಧ ತೆರೆದಿರಬಹುದು, ಕನೆಕ್ಷನ್ ಪೈಪಿನ ಒಳರಂಧ್ರ ಕಿರಿದಿರಬಹುದು. ಸೇಫ್ಟಿ ವಾಲ್ವಿನೊಳಗಿನ ಸ್ಪ್ರಿಂಗ್ ನೀರನ್ನ ತಡೀಬಹುದು: 3 ಮೀಟರ್ ಅಂದ್ರೆ 0.3 ಬಾರ್ ಒತ್ತಡ ಅಷ್ಟೇ, ಅದನ್ನ ತಳ್ಳಿ ತೆರೆಯೋಕೆ ಆ ಒತ್ತಡದ ಒಂದು ಪಾಲು ಹೋಗುತ್ತೆ. ಹಾಗಂತ ಯಾರು ಹೇಳಿದ್ರೂ ಸೇಫ್ಟಿ ವಾಲ್ವ್ ತೆಗೀಬೇಡಿ. ಗೀಸರ್ ಒಡೆಯದಂತೆ ಕಾಯೋದೇ ಅದು. ಬೇರೆ ಹಾಕಿ.

ಮೈಸೂರು ಮನೆ:
ಇಬ್ಬರಿಗೂ ಥ್ಯಾಂಕ್ಸ್. ಎಡಗಡೆ ಎಲ್ಬೋ ಟೈಲ್ಸ್‌ಗಿಂತ ಸುಮಾರು 20 ಮಿ.ಮೀ. ಒಳಗೆ ಕೂತಿದೆ. ಅದೇ ಕಾರಣನಾ?

ನಲ್ಲಿಕೆಲಸ:
ಹೌದು, ಅಷ್ಟು ಒಳಗಿದ್ರೆ ಲೆಗ್ ಎರಡು ಮೂರು ಥ್ರೆಡ್ಡಷ್ಟೇ ಹಿಡಿದಿರುತ್ತೆ. ಅರ್ಧ ಇಂಚು ಥ್ರೆಡ್ಡಿನ ಹಿತ್ತಾಳೆ ಎಕ್ಸ್‌ಟೆನ್ಶನ್ ನಿಪ್ಪಲ್ (ಎಲ್ಬೋ ಬಾಯಿಯನ್ನ ಮುಂದಕ್ಕೆ ತರೋ ತುಂಡು) ತನ್ನಿ. ಕೂರಿಸಿದ ಮೇಲೆ ಅದರ ಬಾಯಿ ಟೈಲ್ಸ್ ಮಟ್ಟಕ್ಕೆ ಬರೋ ಉದ್ದದ್ದು. ಎಲ್ಬೋ ಕಡೆಗೂ ಲೆಗ್ ಕಡೆಗೂ ಟೇಪು ಬೇಕು. ಮಿಕ್ಸರ್ ಹಾಕೋ ಮುಂಚೆ ಲೈನಿನಲ್ಲಿ ಎರಡು ನಿಮಿಷ ನೀರು ಬಿಟ್ಟು ಕಸ ಹೊರಗೆ ಹಾಕಿ. ಆಮೇಲೆ ಫ್ಲೇಂಜ್ ಸರಿಸಿ, ಒಂದು ರಾತ್ರಿ ಟಿಶ್ಯೂ ಪೇಪರ್ ಸುತ್ತಿಡಿ, ಒದ್ದೆ ಆಗಿದೆಯಾ ನೋಡಿ. ಒಣಗೇ ಇದ್ರೆ ಮಾತ್ರ ಫ್ಲೇಂಜ್ ಮುಚ್ಚಿ ಸಿಲಿಕೋನ್ ಹಚ್ಚಿ, ಆದ್ರೆ ಕೆಳಗಡೆ ಒಂದು ಬೆರಳಗಲ ಬಿಡಿ. ಮುಂದೆ ಸೋರಿದ್ರೆ ನೀರು ಅಲ್ಲಿಂದ ಹೊರಗೆ ಬಂದು ಕಾಣಿಸಬೇಕು.

ನೀರಿನ ಲೆಕ್ಕ:
ಶವರ್ ಹಾಕೋ ಯೋಚನೆ ಇದ್ರೆ ಒಂದು ಮಾತು. ಶವರ್ ನಲ್ಲಿಗಿಂತ ಒಂದು ಮೀಟರಿಗೂ ಮೇಲಿರುತ್ತೆ, ನಿಮಗೆ ಉಳಿಯೋ ಒತ್ತಡ 0.2 ಬಾರಿಗಿಂತ ಕಡಿಮೆ. ದೊಡ್ಡ ರೇನ್ ಶವರ್ ಬರೀ ತೊಟ್ಟಿಕ್ಕುತ್ತೆ. ಬೂಸ್ಟರ್ ಪಂಪ್ ಹಾಕೋದಾದ್ರೆ ತಣ್ಣೀರು, ಗೀಸರ್ ಎರಡಕ್ಕೂ ಅದರಿಂದಲೇ ಲೈನ್ ಕೊಡಿ. ಒಂದಕ್ಕೇ ಕೊಟ್ರೆ ಮಿಕ್ಸರಿನಲ್ಲಿ ಜೋರಿನ ನೀರು ಇನ್ನೊಂದನ್ನ ತಳ್ಳಿಬಿಡುತ್ತೆ.