ಗೌಡ, ಏಳು!

ಭಾನುವಾರ ಬೆಳಗ್ಗೆ ವಾಕಿಂಗ್ ಮುಗಿಸಿ ನಾವು ನಾಲ್ವರು ದರ್ಶಿನಿಯ ಮೇಜಿನ ಸುತ್ತ ನಿಲ್ಲುವುದು ಬಹಳ ವರ್ಷದ ರೂಢಿ. ವಾಕಿಂಗ್ ಇಪ್ಪತ್ತು ನಿಮಿಷ, ಮೇಜು ಒಂದೂವರೆ ಗಂಟೆ. ಹೋದ ವಾರ ಗೌಡ್ರು ಬಂದಿರಲಿಲ್ಲ. ಮೂರು ದಿನ ರಜೆ ಒಟ್ಟಿಗೆ ಸಿಕ್ಕಿತು ಅಂತ ಸಂಸಾರ ಸಮೇತ ಮಡಿಕೇರಿಗೆ ಹೋಗಿದ್ದರು.

“ಹೇಗಿತ್ತು ಮಡಿಕೇರಿ?” ಅಂದೆ.

“ಮಡಿಕೇರಿ ಚೆನ್ನಾಗಿದೆ. ಊಟದ ವಿಷಯ ಮಾತ್ರ ಕೇಳಬೇಡಿ.”

ಕೇಳಬೇಡಿ ಅಂದಮೇಲೆ ಬಿಡೋಕಾಗುತ್ತಾ? ಶೆಟ್ರು ಹೋಗಿ ಇನ್ನೊಂದು ಸುತ್ತು ಕಾಫಿಗೆ ಟೋಕನ್ ತಂದರು.

ಕಥೆ ಶುರುವಾಗಿದ್ದು ಮದ್ದೂರಿನಲ್ಲಿ. ಅಂದರೆ, ಮದ್ದೂರು ಸಿಗದೇ ಇದ್ದಲ್ಲಿ. ಬೆಳಗ್ಗೆ ಐದಕ್ಕೆ ಬೆಂಗಳೂರು ಬಿಟ್ಟಿದ್ದಾರೆ, ತಿಂಡಿಗೆ ಮದ್ದೂರು ವಡೆ ಅಂತ ಹಿಂದಿನ ರಾತ್ರಿಯೇ ತೀರ್ಮಾನ. ಆದರೆ 2023ರಲ್ಲಿ ಬಂದ ಎಕ್ಸ್‌ಪ್ರೆಸ್‌ವೇ ಊರಿನೊಳಗೆ ಹೋಗಲ್ಲ, ಪಕ್ಕದಲ್ಲೇ ಜಾರಿಕೊಳ್ಳುತ್ತೆ. ವಡೆ ಎಲ್ಲಿ, ವಡೆ ಎಲ್ಲಿ ಅಂತ ಕತ್ತು ಹೊರಗೆ ಹಾಕಿ ನೋಡುವಷ್ಟರಲ್ಲಿ ಮಂಡ್ಯವೂ ಹಿಂದೆ ಬಿದ್ದಿತ್ತು.

“1917ರಲ್ಲಿ ರೈಲಿನವರಿಗೆ ಅಂತ ಸ್ಟೇಷನ್ನಲ್ಲಿ ಹುಟ್ಟಿದ ವಡೆ. ನಿಮ್ಮ ಕಾರಿಗೆ ಸಿಗಲಿಲ್ಲ ನೋಡಿ,” ಅಂದರು ಮೇಷ್ಟ್ರು. ಅವರಿಗೆ ಯಾವುದಕ್ಕೂ ಇಸವಿ ಬೇಕು.

ಅಬ್ಬಿ ಜಲಪಾತದ ಮೆಟ್ಟಿಲು ಇಳಿದು, ಹತ್ತಿ, ಮಧ್ಯಾಹ್ನ ಒಂದಕ್ಕೆ ಒಂದು ಹೆಸರುವಾಸಿ ಫ್ಯಾಮಿಲಿ ಹೋಟೆಲ್ ಮುಂದೆ ನಿಂತಿದ್ದಾರೆ. ಒಟ್ಟು ಏಳು ಜನ. ಬಾಗಿಲಲ್ಲಿ ಒಬ್ಬ ಹುಡುಗ, ಕೈಯಲ್ಲಿ ನೋಟ್‌ಬುಕ್, ಕಿವಿ ಮೇಲೆ ಪೆನ್ಸಿಲ್. “ಹೆಸರು? ಎಷ್ಟು ಜನ?” ಬರೆದುಕೊಂಡ. ಎಷ್ಟು ಹೊತ್ತಾಗುತ್ತೆ ಅಂದರೆ “ಹತ್ತೇ ನಿಮಿಷ ಸಾರ್” ಅಂದ. ಆ ಹತ್ತು ನಿಮಿಷ ಒಂದು ಗಂಟೆ ಕಾಲು ಹಿಡಿಯಿತು.

ಗೌಡ್ರ ಅಮ್ಮನಿಗೆ ಮಾತ್ರ ಯಾವ ತೊಂದರೆಯೂ ಆಗಲಿಲ್ಲ. ಒಂದು ಸ್ಟೂಲ್ ಸಿಕ್ಕಿತು, ಪಕ್ಕದಲ್ಲಿ ಹಾಸನದ ಕಡೆಯ ಇನ್ನೊಬ್ಬ ಅಜ್ಜಿ ಸಿಕ್ಕಿದರು. ಇಬ್ಬರೂ ಮಂಡಿನೋವಿನಿಂದ ಶುರುಮಾಡಿ ಸೊಸೆಯರವರೆಗೆ ಬಂದರು. ಅಮ್ಮ ಬ್ಯಾಗಿನಿಂದ ಕೋಡುಬಳೆ ಡಬ್ಬಿ ತೆಗೆದರು. ಆ ಅಜ್ಜಿ ಚಕ್ಕುಲಿ ತೆಗೆದರು. ಕ್ಯೂನಲ್ಲಿದ್ದ ಮಕ್ಕಳೆಲ್ಲ ಅಲ್ಲಿಗೇ ಮುತ್ತಿಕೊಂಡವು. ಹೋಟೆಲಿನವರಿಗಿಂತ ಮುಂಚೆ ಅಮ್ಮನೇ ಅರ್ಧ ಕ್ಯೂಗೆ ಬಡಿಸಿ ಮುಗಿಸಿದ್ದರು.

“ಗೌಡ, ಏಳು!” ಅಂತ ಹುಡುಗ ಕೂಗಿದ.

ಮೆಟ್ಟಿಲ ಮೇಲೆ, ಕಟ್ಟೆ ಮೇಲೆ, ಕಾರಿನ ಬಾನೆಟ್ ಮೇಲೆ ಕೂತಿದ್ದ ಎಂಟು ಹತ್ತು ಜನ ಒಟ್ಟಿಗೆ ಎದ್ದರು.

“ಎಲ್ಲರೂ ಗೌಡ್ರೇ?” ಶೆಟ್ರಿಗೆ ನಗು ತಡೆಯಲಿಲ್ಲ.

“ಮಂಡ್ಯದವರು, ಹಾಸನದವರು ಸಾಲದು ಅಂತ ಕೊಡಗಲ್ಲೇ ಅರೆಭಾಷೆ ಗೌಡ್ರು ಬೇರೆ ಇದ್ದಾರಲ್ಲ,” ಅಂದರು ಮೇಷ್ಟ್ರು.

“ಅದಿರಲಿ. ನನ್ನ ವಯಸ್ಸೇನು, ಆ ಹುಡುಗನ ವಯಸ್ಸೇನು? ಏಕವಚನದಲ್ಲಿ ‘ಏಳು’ ಅಂತಾನಲ್ಲ! ಏಳಿ ಅನ್ನೋಕೇನು ಕಷ್ಟ ಅಂತ ಜಗಳಕ್ಕೇ ಹೋಗಿದ್ದೆ. ಅವನು ನೋಟ್‌ಬುಕ್ ತೋರಿಸಿದ. ಗೌಡ, ಪಕ್ಕದಲ್ಲಿ 7.”

ನಾನು ಕಾಫಿ ಮೂಗಿಗೇರಿ ಕೆಮ್ಮಿದೆ. ಗೌಡ್ರು ನಗಲಿಲ್ಲ. ಯಾಕೆಂದರೆ ಅವರು ಜಗಳ ಆಡುತ್ತಿದ್ದಾಗ ಏಳು ಜನರ ಇನ್ನೊಂದು ಗೌಡ್ರ ಸಂಸಾರ ಒಳಗೆ ಹೋಗಿ ಕೂತಿತ್ತು.

ಇನ್ನೂ ಇಪ್ಪತ್ತು ನಿಮಿಷ ಆದ ಮೇಲೆ ಮೇಜು ಸಿಕ್ಕಿತು. ಮೆನು ಕಾರ್ಡು ಕೈಗೆ ಅಂಟಿಕೊಳ್ಳುತ್ತಿತ್ತು. ಮೊದಲು ನಾರ್ತ್ ಇಂಡಿಯನ್, ಆಮೇಲೆ ಚೈನೀಸ್, ಆಮೇಲೆ ಐಸ್‌ಕ್ರೀಂ. ಕೊಡಗಿನ ಅಡುಗೆ ಕೊನೆ ಪುಟದ ಕೆಳಗೆ, ಜಿಎಸ್‌ಟಿ ಪಕ್ಕ.

ಚಿಕ್ಕ ಮಗ ಕೂಡಿಸಿ ಕೂಡಿಸಿ ಓದಿದ. “ಪಂದಿ ಕರಿ... ಅಪ್ಪಾ, ಪಾಂಡಾ ತಿಂತಾರಾ?” ಅಂದವನೇ ಅಳೋಕೆ ಶುರು.

“ಹಂದಿ ಅಂತ ಹೇಳಬೇಕಿತ್ತು,” ಅಂದೆ.

“ಹೇಳಿದೆ. ಇನ್ನೂ ಜೋರಾಗಿ ಅತ್ತ.”

ಮೇಷ್ಟ್ರಿಗೆ ಇದಕ್ಕಿಂತ ಒಳ್ಳೆ ಸಮಯ ಇನ್ನೆಲ್ಲಿ? “ಹಳೆಗನ್ನಡದಲ್ಲೂ ಅದು ಪಂದಿಯೇ. ಪಾಲು ಹಾಲಾಯ್ತು, ಪುಲಿ ಹುಲಿಯಾಯ್ತು, ಪಂದಿ ಹಂದಿಯಾಯ್ತು. ಕೊಡವ ಭಾಷೆ ಆ ಪಕಾರವನ್ನ ಬಿಡಲಿಲ್ಲ. ಅದಕ್ಕೆ ಹಾಕ್ತಾರಲ್ಲ ಕಾಚಂಪುಳಿ, ಅದರ ಪುಳಿಯೂ ನಮ್ಮ ಹುಳಿಯೇ.”

“ಹಾಗಾದ್ರೆ ಹೋಟೆಲ್ ಮೊದಲು ಪೋಟೆಲ್ ಆಗಿತ್ತಾ?” ಅಂದರು ಶೆಟ್ರು. ಮೇಷ್ಟ್ರು ಅವರ ಕಡೆ ನೋಡಲೇ ಇಲ್ಲ.

ಆ ಕಾಚಂಪುಳಿ ನಾನು ಒಮ್ಮೆ ಗೆಳೆಯನ ಮನೆಯಲ್ಲಿ ನೋಡಿದ್ದೇನೆ. ಹಣ್ಣಿನ ರಸವನ್ನು ಕಾಯಿಸಿ ಕಾಯಿಸಿ ಇಳಿಸಿದ ಹುಳಿ, ಇಂಜಿನ್ ಆಯಿಲ್‌ನಷ್ಟು ಕಪ್ಪು. ಮಾಂಸಕ್ಕೆ ಕೊನೆಯಲ್ಲಿ ಒಂದೆರಡು ಚಮಚ ಬಿದ್ದರೆ ಸಾಕು, ಬಣ್ಣ, ಘಮ ಎರಡೂ ಬೇರೆ. ಜೊತೆಗೆ ಅಕ್ಕಿತರಿಯ ಬಿಸಿ ಕಡಂಬಿಟ್ಟು. ಉಂಡೆ ಮುರಿದು ಆ ಕಪ್ಪು ಗೊಜ್ಜಿನಲ್ಲಿ ಅದ್ದಿ... ಇರಲಿ, ಗೌಡ್ರ ಕಥೆಗೆ ಬರೋಣ.

ಗೌಡ್ರಿಗೂ ಅದೇ ಆಸೆ. ಆದರೆ ಅವತ್ತು ಶನಿವಾರ, ಅಮ್ಮ ಎದುರಿಗೇ ಕೂತಿದ್ದಾರೆ. “ತಿನ್ನಪ್ಪಾ, ನಾನೇನು ಬೇಡ ಅಂದೆನಾ?” ಅಂದರಂತೆ. ಆ ಮಾತಿನ ಅರ್ಥ ಗೊತ್ತಿರುವವರು ಯಾರೂ ತಿನ್ನಲ್ಲ.

ಕೊನೆಗೆ ಮಕ್ಕಳ ಹಟಕ್ಕೆ ಎರಡು ಪ್ಲೇಟ್ ಗೋಬಿ ಮಂಚೂರಿ. ಬೆಂಗಳೂರಿನ ನಮ್ಮ ಮನೆ ಮೂಲೆಯಲ್ಲೇ ಸಿಗುವ ಗೋಬಿಗೆ ಇನ್ನೂರೈವತ್ತು ಕಿಲೋಮೀಟರ್ ಮೇಲೆ ಪ್ರಯಾಣ! ಅದೂ ಬಂದಾಗ ಬಿಳಿಚಿಕೊಂಡಿತ್ತು. 2024ರ ಮಾರ್ಚ್‌ನಲ್ಲಿ ಸರ್ಕಾರ ಗೋಬಿಗೆ ಕೃತಕ ಬಣ್ಣ ಹಾಕಬಾರದು ಅಂದಿದೆಯಲ್ಲ, ಇವರು ಪಾಲಿಸುವವರು. ದೊಡ್ಡ ಮಗಳು ಒಂದು ತುಂಡು ಎತ್ತಿ ತಿರುಗಿಸಿ ನೋಡಿದಳು. “ಇದು ಗೋಬಿ ಅಲ್ಲ, ಹೂಕೋಸು” ಅಂತ ತಟ್ಟೆಗೆ ವಾಪಸ್ ಇಟ್ಟಳು.

“ನೀವೇನು ತಿಂದಿರಿ?”

“ಹೂಕೋಸು.”

ಕೋಡುಬಳೆಯಲ್ಲೇ ಹೊಟ್ಟೆ ತುಂಬಿಸಿಕೊಂಡ ಅಮ್ಮ ಮೊಸರನ್ನ ಮುಟ್ಟಿ ಬಿಟ್ಟರಂತೆ. ಬಿಲ್ ಎಷ್ಟಾಯಿತು ಅಂತ ಗೌಡ್ರು ಹೇಳಲಿಲ್ಲ, ನಾವೂ ಕೇಳಲಿಲ್ಲ. ಕಾಫಿ ದುಡ್ಡು ಮಾತ್ರ ಅವತ್ತು ಅವರ ಹತ್ತಿರ ತೆಗೆದುಕೊಳ್ಳಲಿಲ್ಲ.

“ಮುಂದಿನ ಸಲ ಶೆಟ್ಟಿ ಅಂತ ಬರೆಸ್ತೀನಿ,” ಅಂದರು.

“ಎಷ್ಟು ಜನ?” ಅಂದರು ಶೆಟ್ರು, ಸ್ವಲ್ಪ ಗಾಬರಿಯಿಂದಲೇ.

“ಅಮ್ಮ ಬರಲ್ಲ ಅಂತಿದಾರೆ. ಆರು.”

ಅಷ್ಟರಲ್ಲಿ ನನ್ನ ಕಾಫಿಯೂ ಆರಿತ್ತು.